ಸೂಪರ್ ಕೆಪಾಸಿಟರ್ ಪ್ಯಾಕ್: ಯಾರಿಗೆ ಬೇಕು, ಯಾರಿಗೆ ಬೇಡ, ಯಾವುದನ್ನು ನಂಬಬಹುದು

ಆರು ಸೆಲ್‌ಗಳ ಸೂಪರ್ ಕೆಪಾಸಿಟರ್ (ಬ್ಯಾಟರಿಯ ಹಾಗೆ ವಿದ್ಯುತ್ತನ್ನು ಕೂಡಿಡುವ, ಆದರೆ ಬೇಗ ತುಂಬಿ ಬೇಗ ಖಾಲಿಯಾಗುವ ಸಾಧನ) ಪ್ಯಾಕ್ ಈಗ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನಿನಲ್ಲೂ ಸುಲಭವಾಗಿ ಸಿಗುತ್ತದೆ. ಒಂದೊಂದು ಸೆಲ್ 2.7 ವೋಲ್ಟ್, 350 ಅಥವಾ 500 ಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವುದರ ಅಳತೆ), ಮೇಲೊಂದು ಹಸಿರು ಬ್ಯಾಲೆನ್ಸ್ ಬೋರ್ಡ್, ಅಂದರೆ ಯಾವ ಸೆಲ್‌ನ ವೋಲ್ಟೇಜ್ ಕೂಡ ಮಿತಿ ಮೀರದಂತೆ ನೋಡಿಕೊಳ್ಳುವ ಸರ್ಕ್ಯೂಟ್. ಮಾರುವವರು ಹೇಳುವುದೇನೆಂದರೆ, ಇದೊಂದಿದ್ದರೆ ಬ್ಯಾಟರಿಯೇ ಬೇಡ, ಸೆಕೆಂಡಿನಲ್ಲಿ ಚಾರ್ಜ್ ಆಗುತ್ತದೆ, ಹತ್ತು ಲಕ್ಷ ಸಲ ಚಾರ್ಜ್ ಮಾಡಿದರೂ ಹಾಳಾಗುವುದಿಲ್ಲ. ಇದರಲ್ಲಿ ಅರ್ಧ ನಿಜ. ಇನ್ನರ್ಧ ನಂಬಿ ತುಂಬ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾರೆ. ಅದಕ್ಕೇ ಈ ರಿವ್ಯೂ.

ನಾನು ಈ ಪ್ಯಾಕನ್ನು ಎರಡು ಕಡೆ ಹಾಕಿ ಬಳಸುತ್ತಿದ್ದೇನೆ. ಒಂದು ಮನೆಯ ವೈಫೈ ರೌಟರ್‌ಗೆ, ಇನ್ನೊಂದು ಹಳೇ ಪೆಟ್ರೋಲ್ ಕಾರಿಗೆ. ಎರಡೂ ಕಡೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ಎರಡೂ ಕಡೆ ಅದು ಮಾಡುತ್ತಿರುವುದು ಒಂದೇ ಥರದ ಕೆಲಸ, ಸ್ವಲ್ಪ ಹೊತ್ತಿನ ಕೆಲಸ. ಅಷ್ಟನ್ನು ಅರ್ಥ ಮಾಡಿಕೊಂಡರೆ ಕೊಳ್ಳಬೇಕೋ ಬೇಡವೋ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಕೆಪಾಸಿಟರ್‌ನಲ್ಲಿರುವ ಶಕ್ತಿ ಎಷ್ಟು ಅಂತ ತಿಳಿಯಬೇಕಾದರೆ ಫ್ಯಾರಡ್ ಅನ್ನು ವೋಲ್ಟ್‌ನ ವರ್ಗದಿಂದ ಗುಣಿಸಿ ಅರ್ಧ ಮಾಡಬೇಕು. 350 ಫ್ಯಾರಡ್, 2.7 ವೋಲ್ಟ್ ಅಂದರೆ ಸುಮಾರು 1,276 ಜೌಲ್. ವ್ಯಾಟ್ ಅವರ್ ಲೆಕ್ಕದಲ್ಲಿ 0.35. ಆರು ಸೆಲ್ ಸೇರಿದರೆ 2.1 ವ್ಯಾಟ್ ಅವರ್. ಅಷ್ಟೇ! ಯುಪಿಎಸ್‌ನಲ್ಲಿರುವ 12 ವೋಲ್ಟ್ 7 ಆಂಪಿಯರ್ ಅವರ್‌ನ ಸಣ್ಣ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್ ಅವರ್ ಇರುತ್ತದೆ. ಲ್ಯಾಪ್‌ಟಾಪಿನಿಂದ ತೆಗೆದ ಒಂದೇ ಒಂದು ಲಿಥಿಯಂ ಸೆಲ್‌ನಲ್ಲೂ ಈ ಇಡೀ ಪ್ಯಾಕಿನ ನಾಲ್ಕು ಪಟ್ಟು ಶಕ್ತಿ ಇರುತ್ತದೆ. ಆರು ಸೆಲ್ ಜೋಡಿಸಿದ ತಕ್ಷಣ 350 ಫ್ಯಾರಡ್ ಆರು ಪಟ್ಟು ಆಗುತ್ತದೆ ಅಂತಲೂ ಕೆಲವರು ತಿಳಿದಿದ್ದಾರೆ. ಹಾಗಲ್ಲ, ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಹಾಕಿದರೆ ಫ್ಯಾರಡ್ ಭಾಗವಾಗುತ್ತದೆ. 350ನ್ನು ಆರರಿಂದ ಭಾಗಿಸಿ, ಬರುವುದು 58. ಏರುವುದು ವೋಲ್ಟೇಜ್ ಮಾತ್ರ.

ಹಾಗಾದರೆ ಯಾಕೆ ಕೊಳ್ಳಬೇಕು? ಬ್ಯಾಟರಿ ಅಂದರೆ ಮನೆ ಮುಂದಿನ ಸಂಪು, ನೀರು ಬೇಕಾದಷ್ಟು ಇದೆ, ಆದರೆ ಬರುವುದು ಸಣ್ಣ ನಲ್ಲಿಯಲ್ಲಿ. ಕೆಪಾಸಿಟರ್ ಅಂದರೆ ಬಕೆಟ್, ನೀರು ಕಡಿಮೆ, ಆದರೆ ಎತ್ತಿ ಒಂದೇ ಸಲ ಸುರಿಯಬಹುದು. ಬ್ಯಾಟರಿಯಲ್ಲಿ ಪ್ರತಿ ಸಲ ರಾಸಾಯನಿಕ ಕ್ರಿಯೆ ನಡೆಯಬೇಕು. ಕೆಪಾಸಿಟರ್‌ನಲ್ಲಿ ಅಯಾನುಗಳು (ಚಾರ್ಜ್ ಹೊತ್ತ ಕಣಗಳು) ಕಾರ್ಬನ್ ಮೇಲೆ ಬಂದು ಕೂರುತ್ತವೆ, ಬೇಡವಾದಾಗ ಎದ್ದು ಹೋಗುತ್ತವೆ, ಅಷ್ಟೇ ಕೆಲಸ. ಅದಕ್ಕೇ ಬೇಗ ಚಾರ್ಜ್ ಆಗುತ್ತದೆ, ಬೇಗ ಖಾಲಿಯಾಗುತ್ತದೆ, ಲಕ್ಷಗಟ್ಟಲೆ ಸಲ ಬಳಸಿದರೂ ಸವೆತ ತುಂಬ ಕಡಿಮೆ.

ರೌಟರ್ ವಿಷಯಕ್ಕೆ ಬರೋಣ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಗೊತ್ತಿರುವ ಕಷ್ಟ. ಕರೆಂಟ್ ಹೋಗುತ್ತದೆ, ಅರ್ಧ ನಿಮಿಷದೊಳಗೆ ಜನರೇಟರ್ ಶುರುವಾಗುತ್ತದೆ, ಆದರೆ ಅಷ್ಟರಲ್ಲಿ ರೌಟರ್ ಆಫ್ ಆಗಿ ಮತ್ತೆ ಆನ್ ಆಗಿ ನೆಟ್ ಬರಲು ಕೆಲವು ನಿಮಿಷ ಬೇಕು. ಮೀಟಿಂಗ್‌ನಲ್ಲಿ ಇದ್ದವರು ಹೊರಗೆ ಬಿದ್ದಾಯಿತು. ಇದಕ್ಕಾಗಿ ಬ್ಯಾಟರಿ ಇರುವ ಸಣ್ಣ ಯುಪಿಎಸ್ ಹಾಕಿದರೆ ಒಂದೆರಡು ವರ್ಷಕ್ಕೆ ಬ್ಯಾಟರಿ ಸೋತುಹೋಗುತ್ತದೆ, ಯಾಕೆಂದರೆ ಅದು ವರ್ಷವಿಡೀ ಫುಲ್ ಚಾರ್ಜ್‌ನಲ್ಲೇ ಬಿಸಿಯಾಗಿ ಕೂತಿರುತ್ತದೆ. ಸೂಪರ್ ಕೆಪಾಸಿಟರ್‌ಗೆ ಇದು ಹೇಳಿ ಮಾಡಿಸಿದ ಕೆಲಸ. ನಾನು ಮಾಡಿದ್ದು ಇಷ್ಟು: ಮೂಲೆಯಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್, ಅದರ ಮುಂದೆ ವೋಲ್ಟೇಜ್ ಇಳಿಸುವ, ವೋಲ್ಟೇಜ್ ಮತ್ತು ಕರೆಂಟ್ ಎರಡಕ್ಕೂ ಮಿತಿ ಹಾಕುವ ಒಂದು ಬಕ್ ಬೋರ್ಡ್, ಅದನ್ನು 15 ವೋಲ್ಟ್, 2 ಆಂಪಿಯರ್‌ಗೆ ಸೆಟ್ ಮಾಡಿ ಪ್ಯಾಕ್‌ಗೆ ಕೊಟ್ಟೆ. ಪ್ಯಾಕಿನಿಂದ ಹೊರಗೆ ಬಕ್-ಬೂಸ್ಟ್ ಬೋರ್ಡ್ ಒಂದು, ಅದು ಒಳಗೆ ಎಷ್ಟೇ ವೋಲ್ಟೇಜ್ ಬಂದರೂ ಹೊರಗೆ 12 ವೋಲ್ಟ್ ಕೊಡುತ್ತದೆ. ಪೂರ್ತಿ ಖಾಲಿ ಪ್ಯಾಕ್ ಏಳೆಂಟು ನಿಮಿಷದಲ್ಲಿ ತುಂಬುತ್ತದೆ. 15 ವೋಲ್ಟ್‌ನಿಂದ ಏಳೂವರೆ ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಮುಕ್ಕಾಲು ಪಾಲು ಶಕ್ತಿ ಹೊರಗೆ ಬಂದಿರುತ್ತದೆ. ಬೋರ್ಡಿನಲ್ಲಿ ಆಗುವ ನಷ್ಟ ಕಳೆದರೆ 6 ವ್ಯಾಟ್ ಎಳೆಯುವ ರೌಟರ್‌ಗೆ ಹತ್ತು ಹನ್ನೊಂದು ನಿಮಿಷ ಸಾಕು. ಜನರೇಟರ್ ಇರುವ ಕಡೆ ಇದು ಬೇಕಾದ್ದಕ್ಕಿಂತ ಜಾಸ್ತಿಯೇ.

15 ವೋಲ್ಟೇ ಯಾಕೆ, 16.2 ಯಾಕಲ್ಲ ಅಂತ ಕೇಳಬಹುದು. ಸೆಲ್‌ಗೆ 2.7 ವೋಲ್ಟ್, ಅಂದರೆ ಆರಕ್ಕೆ 16.2, ಅನ್ನುವುದು ಗರಿಷ್ಠ ಮಿತಿ. 2.5ಕ್ಕೆ, ಅಂದರೆ ಆರಕ್ಕೆ 15ಕ್ಕೆ ನಿಲ್ಲಿಸಿದರೆ ಆಯಸ್ಸು ತುಂಬ ಹೆಚ್ಚುತ್ತದೆ. ಸುಮಾರು ಪ್ರತಿ 0.1 ವೋಲ್ಟ್ ಇಳಿಸಿದಾಗಲೂ, ಪ್ರತಿ 10 ಡಿಗ್ರಿ ಶಾಖ ಇಳಿಸಿದಾಗಲೂ ಬಾಳಿಕೆ ಎರಡು ಪಟ್ಟಾಗುತ್ತದೆ ಅನ್ನುವುದು ಈ ಕ್ಷೇತ್ರದವರು ಬಳಸುವ ಅಂದಾಜು ಲೆಕ್ಕ. ಕರೆಂಟ್ ಮಿತಿ ಇಲ್ಲದೆ ನೇರವಾಗಿ ಅಡಾಪ್ಟರ್‌ಗೆ ಕೊಟ್ಟುಬಿಡಬೇಡಿ. ಖಾಲಿ ಕೆಪಾಸಿಟರ್ ಅಂದರೆ ಅಡಾಪ್ಟರ್ ಪಾಲಿಗೆ ಶಾರ್ಟ್ ಸರ್ಕ್ಯೂಟ್, ಅಡಾಪ್ಟರ್ ಸುಟ್ಟರೂ ಸುಡಬಹುದು.

ಇನ್ನು ಹಳ್ಳಿಯಲ್ಲೋ ಜನರೇಟರ್ ಇಲ್ಲದ ಮನೆಯಲ್ಲೋ ಗಂಟೆಗಟ್ಟಲೆ ಕರೆಂಟ್ ಹೋಗುತ್ತದೆ ಅನ್ನುವವರು ದಯವಿಟ್ಟು ಇದನ್ನು ಕೊಳ್ಳಬೇಡಿ. ಅದೇ ದುಡ್ಡಿಗೆ ಲಿಥಿಯಂ ಬ್ಯಾಟರಿ ಇರುವ ರೌಟರ್ ಯುಪಿಎಸ್ ತಗೊಳ್ಳಿ, ಮೂರು ನಾಲ್ಕು ಗಂಟೆ ಓಡುತ್ತದೆ.

ಕಾರಿನಲ್ಲಿ ಇದರ ಉಪಯೋಗ ನನಗೆ ಇನ್ನೂ ಇಷ್ಟವಾಯಿತು. ಚಳಿಗಾಲದ ಬೆಳಿಗ್ಗೆ ಹಳೇ ಬ್ಯಾಟರಿ ಇಟ್ಟುಕೊಂಡು ಸೆಲ್ಫ್ ಹೊಡೆದರೆ ಕಾರು ನರಳುತ್ತದಲ್ಲ, ಆಗ ಸ್ಟಾರ್ಟರ್ ಮೋಟಾರ್‌ಗೆ ಬೇಕಾಗಿರುವುದು ಒಂದು ಸೆಕೆಂಡಿನ ದೊಡ್ಡ ಏಟು. ಬ್ಯಾಟರಿ ಜೊತೆ ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಕೆಪಾಸಿಟರ್ ಪ್ಯಾಕ್ ಇದ್ದರೆ ಆ ಏಟಿನಲ್ಲಿ ದೊಡ್ಡ ಪಾಲನ್ನು ಅದೇ ಹೊತ್ತುಕೊಳ್ಳುತ್ತದೆ. ಸಣ್ಣ ಪೆಟ್ರೋಲ್ ಎಂಜಿನ್‌ಗೆ ಒಂದು ಸಲ ಸ್ಟಾರ್ಟ್ ಆಗಲು ಸಾವಿರ, ಒಂದೂವರೆ ಸಾವಿರ ಜೌಲ್ ಸಾಕು. ನನ್ನ ಪ್ಯಾಕ್ 14.4 ವೋಲ್ಟ್‌ನಿಂದ 9ಕ್ಕೆ ಇಳಿಯುವಷ್ಟರಲ್ಲಿ ಸುಮಾರು 3,700 ಜೌಲ್ ಕೊಡುತ್ತದೆ. ಹಾಕಿದ ಮೇಲೆ ಸೆಲ್ಫ್‌ನ ಸದ್ದೇ ಬದಲಾಯಿತು. ಸೆಲ್ಫ್ ಹೊಡೆದಾಗ ಮಂಕಾಗುತ್ತಿದ್ದ ಡ್ಯಾಶ್‌ಬೋರ್ಡ್ ದೀಪ ಈಗ ಮಂಕಾಗುವುದಿಲ್ಲ.

ಆದರೆ ಬ್ಯಾಟರಿ ತೆಗೆದು ಬರೀ ಕೆಪಾಸಿಟರ್ ಇಟ್ಟು ಓಡಿಸುವವರ ವಿಡಿಯೋ ನೋಡಿ ಮರುಳಾಗಬೇಡಿ. ಈಗಿನ ಕಾರಿನಲ್ಲಿ ನಿಂತಲ್ಲೇ ಲಾಕ್, ಅಲಾರಂ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತವೆ. ಎರಡು ವ್ಯಾಟ್ ಅವರ್ ಒಂದು ರಾತ್ರಿಗೂ ಸಾಲುವುದು ಕಷ್ಟ. ಜೊತೆಗೆ ಕೆಪಾಸಿಟರ್ ತಾನಾಗಿಯೂ ನಿಧಾನಕ್ಕೆ ಚಾರ್ಜ್ ಕಳೆದುಕೊಳ್ಳುತ್ತದೆ. ಬ್ಯಾಟರಿ ಇರಲಿ, ಜೊತೆಯಲ್ಲಿ ಇದು ಇರಲಿ. ಇನ್ನೊಂದು ಮುಖ್ಯ ಮಾತು, ಬಾನೆಟ್ ಕೆಳಗೆ ಎಂಜಿನ್ ಪಕ್ಕ ಇಡಬೇಡಿ. ಸಾಮಾನ್ಯ ಸೆಲ್‌ಗಳಿಗೆ ಪೂರ್ತಿ ವೋಲ್ಟೇಜ್‌ನಲ್ಲಿ 65 ಡಿಗ್ರಿ ಕೊನೆಯ ಮಿತಿ, ನಮ್ಮ ಬೇಸಿಗೆಯಲ್ಲಿ ಎಂಜಿನ್ ಜಾಗ ಅದನ್ನು ಸುಲಭವಾಗಿ ದಾಟುತ್ತದೆ. ನಾನು ಸೀಟಿನ ಕೆಳಗೆ ಇಟ್ಟಿದ್ದೇನೆ, ದಪ್ಪ ವೈರ್ ಹಾಕಿ, ಬ್ಯಾಟರಿ ಹತ್ತಿರ ಫ್ಯೂಸ್ ಕೊಟ್ಟು. ಮೊದಲ ಸಲ ಜೋಡಿಸುವಾಗ ನಡುವೆ ಒಂದು ಹೆಡ್‌ಲೈಟ್ ಬಲ್ಬ್ ಹಾಕಿ. ಬಲ್ಬ್ ಉರಿದು, ನಿಧಾನಕ್ಕೆ ಮಂಕಾಗಿ ಆರಿದರೆ ಪ್ಯಾಕ್ ತುಂಬಿತು ಅಂತ ಅರ್ಥ. ಆಮೇಲೆ ನೇರವಾಗಿ ಜೋಡಿಸಿ. ಬಲ್ಬ್ ಇಲ್ಲದೆ ಜೋಡಿಸಿದರೆ ಬರುವ ಕಿಡಿ ಟರ್ಮಿನಲ್ ಅನ್ನೇ ಕರಗಿಸುವಷ್ಟು ಜೋರು.

ಈಗ ನಿಜವಾದ ತೊಂದರೆಯ ವಿಷಯ. ಮಾರುಕಟ್ಟೆಯಲ್ಲಿ ಸಿಗುವ ಸೆಲ್‌ಗಳಲ್ಲಿ ಯಾವುದು ಅಸಲಿ ಅಂತ ಹೊರಗಿನಿಂದ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಒಂದು ಕಡೆ 500 ಫ್ಯಾರಡ್ ಅಂತ ಬರೆದಿದ್ದ ಸೆಲ್‌ಗಳನ್ನು ತಂದೆ. ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. 350 ಫ್ಯಾರಡ್‌ನ ಒಳ್ಳೆ ಸೆಲ್ ದಪ್ಪ ಟಾರ್ಚ್ ಸೆಲ್ ಗಾತ್ರ ಇರುತ್ತದೆ, ತೂಕ ಸುಮಾರು 60 ಗ್ರಾಂ. ಇವು 500 ಅಂತ ಹೇಳಿಕೊಂಡು ಅದಕ್ಕಿಂತ ಕಡಿಮೆ ತೂಗಿದವು. ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಡಿಸಿದರೆ ಒಳಗೆ ಇನ್ನೊಂದು ಹೊದಿಕೆ, ಅದರ ಮೇಲಿನ ಅಕ್ಷರ ಕೆರೆದು ತೆಗೆದಿದ್ದಾರೆ. ಯಾವುದೋ ಹಳೇ ಯಂತ್ರದಿಂದ ಕಿತ್ತ ಸೆಲ್‌ಗೆ ಹೊಸ ಅಂಗಿ ತೊಡಿಸಿ ಮಾರಿದ್ದು. ವಾಪಸ್ ಕೊಡಲು ಹೋದರೆ, "ಸರ್, ಲೇಬಲ್‌ನಲ್ಲಿ ಏನಿದೆಯೋ ಅದೇ ನಮಗೂ ಗೊತ್ತಿರೋದು" ಅಂದರು. ಅವರು ಹೇಳಿದ್ದು ಸುಳ್ಳಲ್ಲ ಅನ್ನಿಸುತ್ತದೆ, ಅವರ ಹತ್ತಿರವೂ ಪರೀಕ್ಷೆ ಮಾಡುವ ವ್ಯವಸ್ಥೆ ಇರಲಿಲ್ಲ. ಆದರೆ ದುಡ್ಡು ಹೋಗಿದ್ದು ನನ್ನದು.

ಪರೀಕ್ಷೆ ಕಷ್ಟದ್ದೇನೂ ಅಲ್ಲ. ಒಂದು ಎಲೆಕ್ಟ್ರಾನಿಕ್ ಲೋಡ್ ಬೋರ್ಡ್ (ಹೇಳಿದಷ್ಟೇ ಕರೆಂಟ್ ಎಳೆಯುವ ಸಾಧನ), ಒಂದು ಮಲ್ಟಿಮೀಟರ್, ಒಂದು ಸ್ಟಾಪ್‌ವಾಚ್ ಸಾಕು. ಸೆಲ್ ಅನ್ನು 2.7ರವರೆಗೆ ತುಂಬಿಸಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒಂದೇ ಸಮ 2 ಆಂಪಿಯರ್ ಎಳೆಯಿರಿ. 2.5 ವೋಲ್ಟ್‌ನಿಂದ 1.5ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಆಂಪಿಯರ್ ಅನ್ನು ಸೆಕೆಂಡಿನಿಂದ ಗುಣಿಸಿ, ಇಳಿದ ವೋಲ್ಟ್‌ನಿಂದ ಭಾಗಿಸಿದರೆ ಫ್ಯಾರಡ್ ಬರುತ್ತದೆ. 350 ಫ್ಯಾರಡ್ ನಿಜವಾಗಿದ್ದರೆ ಸುಮಾರು 175 ಸೆಕೆಂಡ್ ಹಿಡಿಯಬೇಕು. 70 ಸೆಕೆಂಡಿಗೆ ಮುಗಿದರೆ ನಿಮ್ಮ ಕೈಯಲ್ಲಿರುವುದು 140 ಫ್ಯಾರಡ್. ಆರೂ ಸೆಲ್ ಪರೀಕ್ಷಿಸಿ. ಒಂದು ಸೆಲ್ ಉಳಿದವಕ್ಕಿಂತ ಸಣ್ಣದಾಗಿದ್ದರೆ ಅದೇ ಮೊದಲು ತುಂಬಿ, 2.7 ದಾಟಿ, ಒಳಗಿನ ದ್ರವ ಒಡೆದು ಗ್ಯಾಸ್ ಆಗುತ್ತದೆ. ಬ್ಯಾಲೆನ್ಸ್ ಬೋರ್ಡ್ ಇರುವುದೇ ಇದನ್ನು ತಡೆಯಲು, ಆದರೆ ಅಗ್ಗದ ಬೋರ್ಡ್‌ಗಳು ಎಳೆಯುವ ಕರೆಂಟ್ ಕಡಿಮೆ, ಚಾರ್ಜಿಂಗ್ ಜೋರಾಗಿದ್ದರೆ ಅವುಗಳ ಕೈಲಿ ಆಗುವುದಿಲ್ಲ. ಉಬ್ಬಿದ ಸೆಲ್ ಅನ್ನು ಕೊಯ್ದು ನೋಡುವ ಸಾಹಸ ಬೇಡ. ಬಹಳಷ್ಟು ಸೆಲ್‌ಗಳಲ್ಲಿ ಅಸಿಟೋನೈಟ್ರೈಲ್ ಇರುತ್ತದೆ, ಬೇಗ ಬೆಂಕಿ ಹಿಡಿಯುವ ವಸ್ತು, ಅದರ ಆವಿಯೂ ಒಳ್ಳೆಯದಲ್ಲ.

ಇಷ್ಟೆಲ್ಲ ಅನುಭವಿಸಿದ ಮೇಲೆ ಒಳ್ಳೆ ಸೆಲ್ ಎಲ್ಲಿಂದ ಬರುತ್ತದೆ ಅಂತ ಹುಡುಕತೊಡಗಿದೆ. ಸಿಕ್ಕ ಉತ್ತರ ನನಗೆ ತುಂಬ ಹಿಡಿಸಿತು. ಒಳ್ಳೆ ಸೆಲ್ ಬಂದ ಕಡೆಯೆಲ್ಲ ಒಂದು ಲ್ಯಾಬು, ಒಂದು ಕಾರ್ಖಾನೆ, ಮತ್ತು "ನನಗೆ ಇಷ್ಟು ಬೇಕು, ಈ ಪರೀಕ್ಷೆಯಲ್ಲಿ ಪಾಸಾಗಬೇಕು" ಅಂತ ಹೇಳಿದ ಒಬ್ಬ ದೊಡ್ಡ ಗಿರಾಕಿ, ಮೂರೂ ಒಟ್ಟಿಗೆ ಸೇರಿದ್ದಾರೆ.

ಸೂಪರ್ ಕೆಪಾಸಿಟರ್‌ನ ಮೊದಲ ಪೇಟೆಂಟ್ 1957ರದ್ದು, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಆಮೇಲೆ 1966ರಲ್ಲಿ ಒಹಾಯೋದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಸಂಶೋಧಕರು ಈಗಿನ ರೂಪಕ್ಕೆ ಹತ್ತಿರದ ಕೆಪಾಸಿಟರ್ ಮಾಡಿದರು. ಆದರೆ ಎಣ್ಣೆ ಕಂಪನಿಗೆ ಎಲೆಕ್ಟ್ರಾನಿಕ್ಸ್ ಗಿರಾಕಿ ಎಲ್ಲಿ ಸಿಗಬೇಕು? ಅವರು ಹಕ್ಕನ್ನು ಜಪಾನಿನ ಎನ್‌ಇಸಿಗೆ ಕೊಟ್ಟರು. ಎನ್‌ಇಸಿಗೆ ಕಂಪ್ಯೂಟರ್‌ಗಳಲ್ಲಿ ಒಂದು ಅಗತ್ಯ ಕಾಣಿಸಿತು, ಕರೆಂಟ್ ಹೋದಾಗ ಮೆಮೊರಿ ಅಳಿಸದಂತೆ ಕಾಯುವುದು. 1978ರಲ್ಲಿ ಅವರು ಅದನ್ನು ಸೂಪರ್ ಕೆಪಾಸಿಟರ್ ಅನ್ನುವ ಹೆಸರಿನಲ್ಲೇ ಮಾರುಕಟ್ಟೆಗೆ ತಂದರು. ಹಳೇ ವಿಸಿಆರ್ ಬಿಚ್ಚಿದವರು ನೋಡಿರುತ್ತಾರೆ, ಗಡಿಯಾರದ ಸಮಯ ಉಳಿಸಲು ಬಿಲ್ಲೆಯಂಥ 5.5 ವೋಲ್ಟ್‌ನ ಒಂದು ಕೆಪಾಸಿಟರ್ ಇರುತ್ತಿತ್ತು. ಅದು ಇದೇ ವಂಶದ್ದು. ಕಂಡುಹಿಡಿದವರ ಕೈಯಲ್ಲಿ ಸರಕಾಗದೆ ಇದ್ದದ್ದು, ಸರಿಯಾದ ಜೊತೆಗಾರ ಸಿಕ್ಕ ಮೇಲೆ ಮನೆ ಮನೆಗೆ ಬಂತು.

ದೊಡ್ಡ ಸೆಲ್‌ಗಳ ಕತೆ ಬೇರೆ. 1982ರಲ್ಲಿ ಅಮೆರಿಕದ ಪಿನಾಕಲ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇನೆಗಾಗಿ ಮಾಡಿದ ಕೆಲಸವನ್ನು 1992ರಲ್ಲಿ ಮ್ಯಾಕ್ಸ್‌ವೆಲ್ ಕಂಪನಿ ಮುಂದುವರಿಸಿತು. ಅದು ರಸ್ತೆಗೆ ಇಳಿದದ್ದು ಕಾರು ಕಂಪನಿಗಳ ಜೊತೆ ಸೇರಿದಾಗ. ಫ್ರಾನ್ಸಿನ ಪ್ಯೂಜೊ ಸಿಟ್ರೊಯೆನ್ 2010ರಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಂತು ತಾನೇ ಶುರುವಾಗುವ ಡೀಸೆಲ್ ಕಾರುಗಳನ್ನು ತಂದಿತು. ಸೆಲ್ ಮ್ಯಾಕ್ಸ್‌ವೆಲ್‌ನದು, ಅದನ್ನು ಕಾರಿಗೆ ಒಗ್ಗುವ ಪೆಟ್ಟಿಗೆಯಾಗಿ ಮಾಡಿಕೊಟ್ಟದ್ದು ಜರ್ಮನಿಯ ಕಾಂಟಿನೆಂಟಲ್, ಬಳಸಿದ್ದು ಪ್ಯೂಜೊ ಸಿಟ್ರೊಯೆನ್. ನಾನು ಹಳೇ ಕಾರಿನ ಸೀಟಿನ ಕೆಳಗೆ ಇಟ್ಟಿರುವುದು ಅದೇ ಉಪಾಯದ ಬಡವರ ಆವೃತ್ತಿ. 2012ರಲ್ಲಿ ಮಜ್ದಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬ್ರೇಕ್ ಹಾಕುವಾಗ ಹುಟ್ಟುವ ವಿದ್ಯುತ್ತನ್ನು ಕೆಪಾಸಿಟರ್‌ನಲ್ಲಿ ಹಿಡಿದು ಎಸಿ, ಲೈಟ್, ಆಡಿಯೋಗೆ ಬಳಸುವ ವ್ಯವಸ್ಥೆ ತಂದಿತು. ಬ್ರೇಕ್ ಹಾಕುವುದು ಕೆಲವೇ ಸೆಕೆಂಡ್, ಅಷ್ಟರಲ್ಲಿ ಬ್ಯಾಟರಿ ಎಷ್ಟು ತಾನೇ ಕುಡಿಯುತ್ತದೆ? ಶಾಂಘೈನಲ್ಲಿ 2006ರಿಂದ ನಿಲ್ದಾಣದಲ್ಲೇ ಚಾರ್ಜ್ ಮಾಡಿಕೊಂಡು ಓಡುವ ಕೆಪಾಸಿಟರ್ ಬಸ್ಸುಗಳೂ ಬಂದವು. ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ನೋಡುತ್ತೇವಲ್ಲ, ಅಂಥ ಗಾಳಿಯಂತ್ರಗಳ ಹಲವು ಮಾದರಿಗಳಲ್ಲಿ ರೆಕ್ಕೆಯ ಕೋನ ತಿರುಗಿಸಲು ಇದನ್ನು ಬಳಸುತ್ತಾರೆ. ಗ್ರಿಡ್ ಕರೆಂಟ್ ಹೋದಾಗ ರೆಕ್ಕೆ ತಿರುಗಿಸಿ ಯಂತ್ರ ನಿಲ್ಲಿಸಲೇಬೇಕು, ಅಷ್ಟು ಎತ್ತರಕ್ಕೆ ಹತ್ತಿ ಪದೇ ಪದೇ ಬ್ಯಾಟರಿ ಬದಲಾಯಿಸುವುದು ಸುಲಭವಲ್ಲ.

ಮ್ಯಾಕ್ಸ್‌ವೆಲ್ ಅನ್ನು 2019ರಲ್ಲಿ ಟೆಸ್ಲಾ ಕೊಂಡಿತು. ಆಗ ಎಷ್ಟೋ ಜನ ಟೆಸ್ಲಾ ಕಾರಿನಲ್ಲಿ ಇನ್ನು ಸೂಪರ್ ಕೆಪಾಸಿಟರ್ ಬರುತ್ತದೆ ಅಂದುಕೊಂಡರು. ಟೆಸ್ಲಾಗೆ ಮುಖ್ಯವಾಗಿ ಬೇಕಿದ್ದದ್ದು ದ್ರಾವಕ ಬಳಸದೆ ಒಣಗಿದ ಪುಡಿಯಿಂದಲೇ ಎಲೆಕ್ಟ್ರೋಡ್ (ಸೆಲ್ ಒಳಗೆ ಚಾರ್ಜ್ ಹಿಡಿಯುವ ಪದರ) ಮಾಡುವ ಮ್ಯಾಕ್ಸ್‌ವೆಲ್‌ನ ವಿಧಾನ. ಅದನ್ನು ಬ್ಯಾಟರಿಗಾಗಿ ಇಟ್ಟುಕೊಂಡು, ಕೆಪಾಸಿಟರ್ ವ್ಯಾಪಾರವನ್ನು 2021ರಲ್ಲಿ ಬೇರೆಯವರಿಗೆ ಮಾರಿತು. ಜೊತೆಗಾರ ಎಷ್ಟೇ ದೊಡ್ಡವನಿರಲಿ, ಅವನಿಗೆ ನಿಜವಾಗಿ ಏನು ಬೇಕು ಅನ್ನುವುದನ್ನು ನೋಡಬೇಕು.

ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಸರಕು ಬರುವುದಿಲ್ಲ ಅನ್ನುವುದಕ್ಕೆ ಈಸ್ಟೋರ್ ಕತೆ ಸಾಕು. ಟೆಕ್ಸಾಸ್‌ನ ಆ ಕಂಪನಿ ಬೇರಿಯಂ ಟೈಟನೇಟ್ ಅನ್ನುವ ಸಿರಾಮಿಕ್ ಬಳಸಿ, 3,500 ವೋಲ್ಟ್‌ನಲ್ಲಿ 52 ಕಿಲೋವ್ಯಾಟ್ ಅವರ್ ಹಿಡಿಯುವ ಕೆಪಾಸಿಟರ್ ಮಾಡುತ್ತೇವೆ, ಕಾರನ್ನು ಕೆಲವೇ ನಿಮಿಷದಲ್ಲಿ ಚಾರ್ಜ್ ಮಾಡಬಹುದು ಅಂತ ಹೇಳಿತು. ಕೆನಡಾದ ಜೆನ್ ಮೋಟಾರ್ ಕಂಪನಿ ಅದರಲ್ಲಿ ದುಡ್ಡು ಹಾಕಿತು, ಸಿಲಿಕಾನ್ ವ್ಯಾಲಿಯ ಹೆಸರಾಂತ ಹೂಡಿಕೆದಾರರು ಹಾಕಿದರು, 2008ರಲ್ಲಿ ಯುದ್ಧವಿಮಾನ ಮಾಡುವ ಲಾಕ್‌ಹೀಡ್ ಮಾರ್ಟಿನ್ ಕೂಡ ಒಪ್ಪಂದ ಮಾಡಿಕೊಂಡಿತು. ಹೇಳಿದ ಆ ಕೆಪಾಸಿಟರ್ ಕಾರಿಗೆ ಬರಲೇ ಇಲ್ಲ. ಜೆನ್ ತನ್ನ ಸಣ್ಣ ಕಾರುಗಳ ತಯಾರಿಕೆಯನ್ನೂ ನಿಲ್ಲಿಸಿತು. ಇಲ್ಲಿ ಹೆಸರುಗಳಿಗೆ ಕೊರತೆ ಇರಲಿಲ್ಲ. ಬಿಚ್ಚಿ, ಅಳೆದು, ಬಿಸಿ ಮಾಡಿ, ಸಾವಿರ ಸಲ ಚಾರ್ಜ್ ಮಾಡಿ ನೋಡುವುದಕ್ಕೆ ಗಿರಾಕಿಯ ಕೈಗೆ ಬರಬೇಕಿದ್ದ ಸೆಲ್ ಮಾತ್ರ ಬರಲಿಲ್ಲ. ನಮ್ಮಂಥ ಸಣ್ಣ ಗಿರಾಕಿಗೆ ಸ್ಟಾಪ್‌ವಾಚ್ ಪರೀಕ್ಷೆ ಹೇಗೋ, ಕಂಪನಿಗೆ ಸ್ಯಾಂಪಲ್ ಪರೀಕ್ಷೆ ಹಾಗೆ.

ಲ್ಯಾಬಿನಲ್ಲಿ ಚೆನ್ನಾಗಿ ಬಂದದ್ದು ಕಾರ್ಖಾನೆಯಲ್ಲಿ ಯಾಕೆ ಕೈಕೊಡುತ್ತದೆ? ಪತ್ರಿಕೆಯಲ್ಲಿ ಆಗಾಗ "ಬ್ಯಾಟರಿಗೆ ಸಮನಾದ ಕೆಪಾಸಿಟರ್" ಅಂತ ಸುದ್ದಿ ಬರುತ್ತದಲ್ಲ, ಆ ಲೆಕ್ಕ ಬಹಳ ಸಲ ಎಲೆಕ್ಟ್ರೋಡ್‌ನ ಕಾರ್ಬನ್ ತೂಕಕ್ಕೆ ಮಾತ್ರ ಹಾಕಿದ್ದಾಗಿರುತ್ತದೆ. ಲ್ಯಾಬಿನಲ್ಲಿ ತುಂಬ ತೆಳುವಾಗಿ ಹಚ್ಚುತ್ತಾರೆ, ಕೆಲವು ಮಿಲಿಗ್ರಾಂ. ನಿಜವಾದ ಸೆಲ್‌ನಲ್ಲಿ ಅಲ್ಯೂಮಿನಿಯಂ ಹಾಳೆ, ನಡುವಿನ ಕಾಗದ, ಒಳಗಿನ ದ್ರವ, ಹೊರಗಿನ ಡಬ್ಬ ಎಲ್ಲ ತೂಗಬೇಕು. ಹಾಗೆ ತೂಗಿದರೆ ಆ ಸಂಖ್ಯೆ ಮೂರು ನಾಲ್ಕು ಪಟ್ಟು ಇಳಿಯುತ್ತದೆ, ಕೆಲವು ಸಲ ಅದಕ್ಕಿಂತಲೂ ಜಾಸ್ತಿ. ನನ್ನ 60 ಗ್ರಾಂ ಸೆಲ್ ಲೆಕ್ಕ ಹಾಕಿದರೆ ಕಿಲೋಗೆ ಸುಮಾರು 6 ವ್ಯಾಟ್ ಅವರ್. ಲಿಥಿಯಂ ಸೆಲ್ 150ರಿಂದ 250. ಇನ್ನು ತಯಾರಿಕೆಗೆ ಬಂದರೆ ಉದ್ದುದ್ದ ಹಾಳೆಗೆ ಒಂದೇ ದಪ್ಪದಲ್ಲಿ ಕಾರ್ಬನ್ ಹಚ್ಚಬೇಕು, ಸುತ್ತಬೇಕು, ನೀರಿನ ಪಸೆಯೇ ಇಲ್ಲದ ಒಣ ಕೋಣೆಯಲ್ಲಿ ದ್ರವ ತುಂಬಿ ಮುಚ್ಚಬೇಕು. ಒಳಗೆ ತೇವ ಉಳಿದರೆ 2.7 ವೋಲ್ಟ್ ತಡೆಯುವುದಿಲ್ಲ. ಅಂಥ ಕೋಣೆ, ಅಂಥ ಯಂತ್ರ ಎಷ್ಟು ವಿಶ್ವವಿದ್ಯಾಲಯಗಳು ತಾನೇ ಇಟ್ಟುಕೊಳ್ಳುತ್ತವೆ? ಸಾವಿರಾರು ಸೆಲ್‌ಗಳು ಒಂದೇ ಥರ ಬರುವಂತೆ ನೋಡಿಕೊಳ್ಳುವುದು ಕಾರ್ಖಾನೆಯವರ ವಿದ್ಯೆ. ಎಸ್ಟೋನಿಯಾದಲ್ಲಿ ಹುಟ್ಟಿದ ಸ್ಕೆಲಿಟನ್ ಕಂಪನಿ ತನ್ನದೇ ಕಾರ್ಬನ್ ಇದ್ದರೂ ಜರ್ಮನಿಯ ಲೈಪ್‌ಜಿಗ್ ಹತ್ತಿರದ ಕಾರ್ಖಾನೆಗೆ ಸೀಮೆನ್ಸ್ ಜೊತೆ ಸೇರಿದ್ದು ಇದಕ್ಕೇ.

ಇಲ್ಲಿ ನಮ್ಮವರಿಗೆ ಖುಷಿ ಕೊಡುವ ಒಂದು ಮಾತು ಹೇಳಲೇಬೇಕು. ಈ ಸೆಲ್‌ಗಳ ಒಳಗಿನ ಕಾರ್ಬನ್‌ಗೆ ಬಹಳ ಕಡೆ ಮೂಲ ತೆಂಗಿನ ಕರಟ. ಕರಟ ಸುಟ್ಟು ಇದ್ದಿಲು ಮಾಡಿ, ಆವಿ ಹಾಯಿಸಿ ಸಣ್ಣ ಸಣ್ಣ ರಂಧ್ರ ತೆಗೆದರೆ ಒಂದೇ ಗ್ರಾಂನಲ್ಲಿ 1,500 ಚದರ ಮೀಟರ್‌ಗಿಂತ ಜಾಸ್ತಿ ಮೇಲ್ಮೈ ಸಿಗುತ್ತದೆ. ಅಯಾನು ಕೂರಲು ಅಷ್ಟು ಜಾಗ. ಜಪಾನಿನ ಕುರಾರೆ ಕಂಪನಿ ಕರಟದಿಂದಲೇ ಕೆಪಾಸಿಟರ್ ದರ್ಜೆಯ ಕಾರ್ಬನ್ ಮಾಡುತ್ತದೆ. ತಿಪಟೂರು, ತುರುವೇಕೆರೆ, ಅರಸೀಕೆರೆಯಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟದ ರಾಶಿ ನೋಡಿದಾಗ ನನಗೆ ಇದೇ ನೆನಪಾಗುತ್ತದೆ. ಕರಟ ನಮ್ಮದು, ಬೆಲೆ ಬಾಳುವ ಪುಡಿ ಮಾತ್ರ ಹೊರಗಿನವರದು ಅನ್ನುವ ಹಾಗೆ ಆಗಬಾರದು. ಆದರೆ ಸಾಮಾನ್ಯ ಆಕ್ಟಿವೇಟೆಡ್ ಕಾರ್ಬನ್ (ಹೀಗೆ ರಂಧ್ರ ತೆಗೆದ ಇದ್ದಿಲು) ಬೇರೆ, ಕೆಪಾಸಿಟರ್ ದರ್ಜೆಯದು ಬೇರೆ. ಬೂದಿ, ಕಬ್ಬಿಣದ ಅಂಶ ತುಂಬ ಕಡಿಮೆ ಇರಬೇಕು, ಇಲ್ಲದಿದ್ದರೆ ಸೆಲ್ ತಾನಾಗಿ ಬೇಗ ಖಾಲಿಯಾಗುತ್ತದೆ. ಕರಟ ಸುಡುವವರನ್ನೂ ಲ್ಯಾಬಿನವರನ್ನೂ ಒಂದೇ ಮೇಜಿಗೆ ಕೂರಿಸಬೇಕಾದದ್ದು ಈ ಕೆಲಸಕ್ಕೇ.

ನಮ್ಮ ಪಕ್ಕದಲ್ಲೇ ಒಂದು ಒಳ್ಳೆ ಕೆಲಸ ಆಗಿದೆ. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ತನ್ನ ಅಗತ್ಯಕ್ಕಾಗಿ ಸೂಪರ್ ಕೆಪಾಸಿಟರ್ ತಂತ್ರಜ್ಞಾನ ಬೆಳೆಸಿತ್ತು. ಅದರ ನೆರವಿನಿಂದ ಕೇರಳ ಸರ್ಕಾರದ ಕೆಲ್ಟ್ರಾನ್ ಕಾಂಪೊನೆಂಟ್ ಕಾಂಪ್ಲೆಕ್ಸ್ ಕಣ್ಣೂರಿನಲ್ಲಿ ತಯಾರಿಕಾ ಘಟಕ ಹಾಕಿತು. 42 ಕೋಟಿ ರೂಪಾಯಿ ಯೋಜನೆ, 2024ರ ಅಕ್ಟೋಬರ್ 1ರಂದು ಉದ್ಘಾಟನೆ ಆಯಿತು. ನನಗೆ ಇದರಲ್ಲಿ ಹಿಡಿಸಿದ್ದು ಜೋಡಿ ಆರಿಸಿದ ರೀತಿ. ಆ ಕಾರ್ಖಾನೆ ದಶಕಗಳಿಂದ ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಮಾಡುತ್ತಿದೆ. ಹಾಳೆ ಸುತ್ತುವುದು, ದ್ರವ ತುಂಬುವುದು, ಡಬ್ಬ ಮುಚ್ಚುವುದು ಅಲ್ಲಿನವರಿಗೆ ಹೊಸದಲ್ಲ. ಏನೂ ಗೊತ್ತಿಲ್ಲದ ಹೊಸ ಕಂಪನಿಗೆ ಕಾಗದ ಕೊಟ್ಟು ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಮಂಗಳೂರಿನಿಂದ ರೈಲಿನಲ್ಲಿ ಕೆಲವೇ ಗಂಟೆ ದೂರದಲ್ಲಿ ಸೂಪರ್ ಕೆಪಾಸಿಟರ್ ತಯಾರಾಗುತ್ತಿದೆ ಅನ್ನುವುದು ಸಣ್ಣ ವಿಷಯವಲ್ಲ.

ಬೆಂಗಳೂರಿನ ಲ್ಯಾಬುಗಳಿಗೂ ಇಂಥ ಜೊತೆಗಾರರು ಬೇಕು. ಐಐಎಸ್‌ಸಿಯಲ್ಲಿ ಎ. ಕೆ. ಶುಕ್ಲಾ ಅವರ ತಂಡ ಸೀಸದ ಒಂದು ಎಲೆಕ್ಟ್ರೋಡ್, ಕಾರ್ಬನ್‌ನ ಇನ್ನೊಂದು ಎಲೆಕ್ಟ್ರೋಡ್ ಸೇರಿಸಿ ಹೈಬ್ರಿಡ್ ಕೆಪಾಸಿಟರ್ ಮಾಡಿತು. ನಮ್ಮ ದೇಶದ ಮಟ್ಟಿಗೆ ಇದು ತುಂಬ ಜಾಣ ಆಯ್ಕೆ ಅಂತ ನನಗನ್ನಿಸುತ್ತದೆ. ಯಾಕೆಂದರೆ ಸೀಸದ ಬ್ಯಾಟರಿ ಮಾಡುವ ಕಾರ್ಖಾನೆಗಳು, ಹಳೇ ಸೀಸ ಕರಗಿಸುವವರು, ರಿಪೇರಿ ಮಾಡುವವರು ಎಲ್ಲ ನಮ್ಮಲ್ಲಿ ಈಗಾಗಲೇ ಇದ್ದಾರೆ. 2023ರಲ್ಲಿ ಅದೇ ಐಐಎಸ್‌ಸಿಯ ಆಭಾ ಮಿಶ್ರಾ ಅವರ ತಂಡ ಚಿಪ್ ಮೇಲೆ ಕೂರುವಷ್ಟು ಸಣ್ಣ ಸೂಪರ್ ಕೆಪಾಸಿಟರ್ ತೋರಿಸಿತು. ಅದು ಸೆಲ್ಫ್ ಹೊಡೆಯುವಂಥ ಕೆಲಸಕ್ಕಲ್ಲ, ಚಿಪ್ ಮಟ್ಟದ ಸಣ್ಣ ಕೆಲಸಕ್ಕೆ. ಇವು ಅಂಗಡಿಗೆ ಬರಬೇಕಾದರೆ ಯಾರಾದರೂ ಕಾರ್ಖಾನೆಯವರು ಮೊದಲ ಕೆಲವು ವರ್ಷ ನಷ್ಟ ಹೊರಲು ತಯಾರಿರಬೇಕು, ಬಸ್ ನಿಗಮವೋ ರೈಲ್ವೆಯೋ ಮೀಟರ್ ಕಂಪನಿಯೋ ಇಷ್ಟು ಸಾವಿರ ಸೆಲ್ ತಗೊಳ್ಳುತ್ತೇವೆ ಅಂತ ಮೊದಲೇ ಹೇಳಬೇಕು. ಸುಮ್ನೆ ಪೇಟೆಂಟ್ ಎಣಿಸಿಕೊಂಡು ಕೂತರೆ ಎಸ್‌ಪಿ ರೋಡಿನಲ್ಲಿ ನಮಗೆ ಸಿಗುವುದು ಅಂಗಿ ಬದಲಿಸಿದ ಹಳೇ ಸೆಲ್ಲೇ.

ಹಾಗಾದರೆ ಈಗ ಕೊಳ್ಳುವವರು ಏನು ಮಾಡಬೇಕು? ಹೆಸರಾಂತ ತಯಾರಕರ ಸೆಲ್ ಅನ್ನು ಅವರ ಅಧಿಕೃತ ವಿತರಕರಿಂದಲೇ ತಗೊಳ್ಳಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಡೇಟಾಶೀಟ್‌ನಲ್ಲಿ, ಅಂದರೆ ತಯಾರಕರು ಕೊಡುವ ವಿವರಗಳ ಹಾಳೆಯಲ್ಲಿ, ಫ್ಯಾರಡ್ ಒಂದನ್ನೇ ನೋಡಬೇಡಿ, ಒಳಗಿನ ರೆಸಿಸ್ಟೆನ್ಸ್ ಎಷ್ಟು ಅಂತಲೂ ನೋಡಿ. 350 ಫ್ಯಾರಡ್‌ನ ಒಳ್ಳೆ ಸೆಲ್‌ನಲ್ಲಿ ಅದು 3.2 ಮಿಲಿ ಓಮ್ ಆಸುಪಾಸು ಇರುತ್ತದೆ. ಆರು ಸೇರಿದರೆ ಹತ್ತೊಂಬತ್ತು ಇಪ್ಪತ್ತು. ಕಾರಿನ ಸ್ಟಾರ್ಟರ್ 100 ಆಂಪಿಯರ್ ಎಳೆದಾಗ ಅಲ್ಲೇ 2 ವೋಲ್ಟ್ ಬೀಳುತ್ತದೆ. ಅಗ್ಗದ ಸೆಲ್‌ನಲ್ಲಿ ಇದು ಎರಡು ಮೂರು ಪಟ್ಟಾದರೆ ಸೆಲ್ಫ್ ಹೊಡೆಯುವ ಕೆಲಸಕ್ಕೆ ಅದು ಬರುವುದೇ ಇಲ್ಲ. ರೌಟರ್‌ಗೆ ಮಾತ್ರ ಆದರೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಅಲ್ಲಿ ಕರೆಂಟ್ ಒಂದು ಆಂಪಿಯರ್‌ನ ಸುತ್ತಮುತ್ತ.

ರೌಟರ್ ಮತ್ತು ಜನರೇಟರ್ ಇರುವ ಮನೆಗೆ ಐದಕ್ಕೆ ಐದು. ಹಳೇ ಕಾರಿಗೆ, ವೈರಿಂಗ್ ಗೊತ್ತಿದ್ದವರು ಹಾಕಿದರೆ, ಐದಕ್ಕೆ ನಾಲ್ಕು. ಇನ್ವರ್ಟರ್ ಬದಲಿಗೆ, ಸೋಲಾರ್ ಬ್ಯಾಟರಿ ಬದಲಿಗೆ, ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಬದಲಿಗೆ ಅಂತ ಯಾರಾದರೂ ಮಾರಲು ಬಂದರೆ ಸೊನ್ನೆ. ಮಾತು ಮುಂದುವರಿಸುವುದೂ ಬೇಡ.

ಕಣ್ಣೂರಿನವರಲ್ಲಿ ನನ್ನದೊಂದು ಬೇಡಿಕೆ. ದೊಡ್ಡ ಆರ್ಡರ್‌ಗಳ ಜೊತೆಗೆ ಬಿಡಿ ಸೆಲ್‌ಗಳೂ ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ರಿಪೇರಿಯವರ ಕೈಗೆ ಸುಲಭವಾಗಿ ಸಿಗುವಂತೆ ಮಾಡಿ, ಡೇಟಾಶೀಟ್ ಎಲ್ಲರೂ ಓದುವಂತೆ ಇಡಿ. ಅಂಗಡಿಯವರಲ್ಲಿ ಇನ್ನೊಂದು ಬೇಡಿಕೆ, ಕೌಂಟರ್ ಮೇಲೆ ಒಂದು ಲೋಡ್ ಬೋರ್ಡ್ ಇಡಿ, ಗಿರಾಕಿ ಮುಂದೆಯೇ ಸೆಲ್ ಅಳೆದು ಕೊಡಿ. ಒಂದು ಸೆಲ್‌ಗೆ ಮೂರು ನಿಮಿಷದ ಕೆಲಸ. ಹಾಗೆ ಅಳೆದು ಕೊಡುವ ಅಂಗಡಿ ಯಾವುದು ಅಂತ ಗೊತ್ತಿದ್ದವರು ಕೆಳಗೆ ತಿಳಿಸಿ, ನನಗೆ ಇನ್ನೊಂದು ಪ್ಯಾಕ್‌ಗೆ ಆರು ಸೆಲ್ ಬೇಕಾಗಿದೆ.